ಒಂಬತ್ತನೇ ಪ್ರಶ್ನೆ

ಯೋರಿಟ್, ನಿನ್ನ ಪತ್ರ ನಿನ್ನೆ ರಾತ್ರಿ ಹನ್ನೊಂದಕ್ಕೆ ಬಂತು.
ಎರಡೇ ಸಾಲು. 'ವೀಟ್ಸ್ಕೆ, ಒಂಬತ್ತನೆಯದನ್ನು ತಿರುಗಿಸಿಯೇ ಇಲ್ಲ.
ನಾನೇ ತಪ್ಪಿರಬಹುದು.'
ನೀನು ತಪ್ಪಿಲ್ಲ.
ಮಗ್ಗಿ ತಪ್ಪಿದ ಹುಡುಗಿಯ ಹಾಗೆ ಕೂತೆ
ಅಡುಗೆಮನೆಯ ಮೇಜಿನೆದುರು, ಕೋಟು ಬಿಚ್ಚದೆ.

ಹನ್ನೆರಡು ಪ್ರಶ್ನೆ. ಒಂದರಿಂದ ಐದರ ತನಕ ಅಂಕ.
ಹನ್ನೊಂದು ಭಯದ ಕಡೆಯಿಂದ ಕೇಳುತ್ತವೆ,
ಒಂಬತ್ತನೆಯದು ಮಾತ್ರ ನೆಮ್ಮದಿಯ ಕಡೆಯಿಂದ:
'ದೀಪ ಆರಿಸಿದ ಮೇಲೆ ನನಗೆ ಚೆನ್ನಾಗಿ ನಿದ್ದೆ ಹತ್ತುತ್ತದೆ.'
ಓದದೆ ಗೀಚುವವರನ್ನು ಹಿಡಿಯಲು ನಾನೇ ಇಟ್ಟ ಬೋನು.
ಐದು ಬರೆದರೆ ಒಂದೆಂದು ಓದಬೇಕು, ಒಂದು ಬರೆದರೆ ಐದು;
ಆರರಲ್ಲಿ ಕಳೆದರಾಯಿತು, ಅಷ್ಟೇ ಕೆಲಸ.
ಪ್ರತಿ ಸೆಪ್ಟೆಂಬರಿನಲ್ಲೂ ಮೊದಲ ವರ್ಷದವರಿಗೆ
ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದೆ, ಮೂವತ್ತೊಂದು ವರ್ಷ.
ನಗುತ್ತ ಹೇಳುತ್ತಿದ್ದೆ, ಇದನ್ನೂ ಮರೆಯುವವರಿದ್ದಾರೆ ಎಂದು.

ಗ್ರೋನಿಂಗನ್ನಿನ ಉತ್ತರಕ್ಕೆ, ನೆಲದಡಿಯ ಗ್ಯಾಸು ಹೀರಿ ಹೀರಿ
ಭೂಮಿ ಒಳಗೊಳಗೇ ಕುಸಿಯುವ ಕಡೆ,
ಗೋಡೆಗಳು ಬಾಯಿ ಬಿಡುತ್ತಿದ್ದ ವರ್ಷ ಅದು.
ಇಂಜಿನಿಯರರು ಬಿರುಕಿಗೆ ಅಳತೆಪಟ್ಟಿ ಅಂಟಿಸಿ ಹೋದರು.
ಹಿಂದೆಯೇ ನಾವು ಹೋದೆವು
ಮನುಷ್ಯರಿಗೆ ಅಂಟಿಸುವ ಪಟ್ಟಿ ಹಿಡಿದು:
ಸೈಕಲ್ಲಿನಲ್ಲಿ ಆಫ್ಕೆ, ಎದುರುಗಾಳಿಗೆ ಬೈಯುತ್ತ,
ಪ್ಲಾಸ್ಟಿಕ್ ಚೀಲದಲ್ಲಿ ನಾನೂರು ಹಾಳೆ.
ಜನ ಕಾಫಿ ಕೊಟ್ಟರು. ನಮ್ಮ ಸೀಮೆಯ ವಾಡಿಕೆಯಂತೆ
ಒಂದೇ ಬಿಸ್ಕತ್ತು ಕೊಟ್ಟು, ಡಬ್ಬಿ ಒಳಗಿಟ್ಟು ಬಂದು, ಕೂತರು.

ಇನ್ನೂರ ಹದಿನೇಳನೆಯವಳು
(ಹೆಸರು ನಮಗೆ ಗೊತ್ತಿರಕೂಡದು, ಗೊತ್ತಿಲ್ಲ)
ನಾಲ್ಕನೆಯದಕ್ಕೆ ಅಂಕ ಹಾಕದೆ ಅಂಚಿನಲ್ಲಿ ಬರೆದಿದ್ದಳು:
'ಗೋಡೆ ಅಲುಗಿದ ದಿನವೋ, ಅವರು ಹೋದ ದಿನವೋ?
ನೀವು ಯಾವುದನ್ನು ಕೇಳುತ್ತಿದ್ದೀರಿ?'
ಅಂಚಿಗೆ ನಮ್ಮ ಕಡತದಲ್ಲಿ ಕಾಲಂ ಇಲ್ಲ.
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಆಫ್ಕೆ ಅಲ್ಲಿ ತೊಂಬತ್ತೊಂಬತ್ತು ಒತ್ತಿದಳು,
ಉತ್ತರವಿಲ್ಲ ಎಂಬುದಕ್ಕೆ ನಮ್ಮ ಗುರುತು.
ಆ ಖಾಲಿಯನ್ನು ನಾನು ಊಹೆಯಿಂದ ತುಂಬಿದೆ, ಬಲು ಶಾಸ್ತ್ರೋಕ್ತವಾಗಿ.
ಒಂಬತ್ತನೆಯದಕ್ಕೆ ಮಾತ್ರ, ಹಾಳೆ ಹರಿಯುವಷ್ಟು ಪೆನ್ನು ಒತ್ತಿ,
ಅವಳು ಬರೆದದ್ದು ಒಂದು.
ಒಂದೆಂದರೆ ಇಲ್ಲ, ಹತ್ತುವುದೇ ಇಲ್ಲ ಎಂದು.
ನಾನು ಓದಿದ್ದು: ಭಯವಿಲ್ಲ.

ಆ ಪ್ರಬಂಧದಿಂದ ಐವತ್ತನಾಲ್ಕಕ್ಕೆ ನನಗೆ ಪೀಠ ಸಿಕ್ಕಿತು,
ಕರಿ ಗೌನು, ಕಿಟಕಿಯಿಂದ ಕಾಲುವೆ ಕಾಣುವ ಕೋಣೆ,
ನಿನ್ನಂಥ ಹನ್ನೊಂದು ಮಂದಿ ಶಿಷ್ಯರು.

ರಾತ್ರಿ ಎರಡಕ್ಕೆ ಎಲ್ಲವನ್ನೂ ಮತ್ತೆ ಓಡಿಸಿದೆ.
ಎರಡನೇ ದಶಾಂಶದಲ್ಲಿ ಏನೋ ಮಿಸುಕಿತು, ಅಷ್ಟೇ.
ತೀರ್ಮಾನ ನಿಂತಿದೆ, ಮೊದಲಿಗಿಂತ ಗಟ್ಟಿಯಾಗಿಯೇ.
ಬಚಾವಾದೆ ಎಂದುಕೊಂಡು ಜೋರಾಗಿ ನಕ್ಕೆ, ಬೆಕ್ಕು ಎದ್ದು ಹೋಯಿತು.
ಆಮೇಲೆ ಸಾಲು ಸಾಲಾಗಿ ಇಳಿದೆ.
ಮೂವತ್ತಾರು ದಾಟಿದವರ ಮನೆಗೆ ಪುರಸಭೆ
ಮಾತಾಡಿಸಲು ಒಬ್ಬರನ್ನು ಕಳಿಸುತ್ತಿತ್ತು, ನಿನಗೆ ಗೊತ್ತಿರಲಿಕ್ಕಿಲ್ಲ,
ನೀನಾಗ ಹೈಸ್ಕೂಲು.
ಇನ್ನೂರ ಹದಿನೇಳು: ಮೂವತ್ತಮೂರು ಎಂದು ಕೊಟ್ಟಿದ್ದೆ.
ಮೂವತ್ತೇಳು.
ಹೀಗೆ ಗೆರೆಯ ಈಚೆ ಉಳಿದವರು ಹತ್ತೊಂಬತ್ತು ಮಂದಿ.
ಯಂತ್ರ ಹೇಳಿದ ಮೇಲೂ ಬೆರಳು ಮಡಚಿ ಎಣಿಸಿದೆ, ಬಾಯಿಬಿಟ್ಟು.

ತಿದ್ದುಪಡಿಯನ್ನು ನೀನು ಬರೆ, ನಿನ್ನ ಹೆಸರು ಮೊದಲಿರಲಿ.
'ಫಲಿತಾಂಶಕ್ಕೆ ಬಾಧಕವಿಲ್ಲ' ಎಂಬ ವಾಕ್ಯ ಬೇಡ;
ನಿಜವೇ, ಆದರೂ ಬೇಡ.
ಹತ್ತು ವರ್ಷವಾದರೆ ಹಾಳೆಗಳನ್ನು ಸುಡಬೇಕೆಂದು ನಿಯಮ.
ಸುಟ್ಟಿರಲಿಲ್ಲ. ಅಟ್ಟದಲ್ಲಿವೆ, ಆಫ್ಕೆಯ ಅದೇ ಚೀಲದಲ್ಲಿ.
ಹುಡುಕಿ ತೆಗೆದೆ. ಹಿಂಬದಿಗೆ ಬೆರಳಾಡಿಸಿದರೆ
ಆ ಒಂದು ಇನ್ನೂ ಉಬ್ಬಿ ತಗಲುತ್ತದೆ,
ತಿರುಗುಮುರುಗಾಗಿ.

ಸೋಮವಾರ ಪುರಸಭೆಗೆ ಹೋಗೋಣ. ಹೆಸರಿನ ಪಟ್ಟಿ
ಅವರ ಕಪಾಟಿನಲ್ಲಿದೆ. ಕೊಡಲಿಕ್ಕಿಲ್ಲ.
ಸೈಕಲ್ಲಿಗೆ ಗಾಳಿ ಹಾಕಿಸಿಕೊಂಡು ಬಾ.